ದಪ್ಪ ಸ್ವೇ ಬಾರ್ ಮೊದಲು ತರಿಸಿದೆ, ಕೊನೆಗೆ ಹಾಕಿದೆ

ನನ್ನ ಕಾರು 1990ರ ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಮೊದಲ ತಲೆಮಾರಿನದು. 1.6 ಲೀಟರ್ ಎಂಜಿನ್, ಎರಡೇ ಸೀಟು, ಮಡಚಿಡುವ ಬಟ್ಟೆಯ ಟಾಪ್. ತೂಕ ಸಾವಿರ ಕಿಲೋ ಕೂಡ ಇಲ್ಲ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ಆರ್ಮ್ (ತೋಳು) ಹಿಡಿದಿರುತ್ತದೆ. ಇಷ್ಟೆಲ್ಲ ಇದ್ದೂ ನನ್ನ ಕೈಗೆ ಬಂದಾಗ ಅದು ತಿರುವಿನಲ್ಲಿ ತೆಪ್ಪದ ಹಾಗೆ ವಾಲುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದರೆ ಮೊದಲು ಮೈ ಒರಗಬೇಕು, ಆಮೇಲೆ ಮೂತಿ ತಿರುಗಬೇಕು.

ವಾಲುತ್ತಿದೆ ಅಂದರೆ ಸ್ವೇ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ದಪ್ಪ ಮಾಡಬೇಕು, ಅಷ್ಟೇ ತಾನೇ? ಹೀಗೆ ಅಂದುಕೊಂಡು ಒಂದು ಸೆಟ್ ತರಿಸಿಬಿಟ್ಟೆ. ಮುಂದಕ್ಕೆ 22 ಮಿಮೀ, ಹಿಂದಕ್ಕೆ 14 ಮಿಮೀ. ಕಾರಿನಲ್ಲಿ ಮೊದಲಿಂದ ಇದ್ದದ್ದು 19 ಮತ್ತು 12. ಎರಡು ಮೂರು ಮಿಮೀಗೆ ಏನಾಗುತ್ತದೆ ಅನಿಸಬಹುದು. ಆದರೆ ಸರಳು ತಿರುಚಿಕೊಳ್ಳುವುದನ್ನು ತಡೆಯುವ ಶಕ್ತಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉಳಿದೆಲ್ಲ ಅಳತೆ ಅದೇ ಇದ್ದರೆ, 19ರಿಂದ 22ಕ್ಕೆ ಹೋದಾಗ ಗಟ್ಟಿತನ ಸುಮಾರು 1.8 ಪಟ್ಟು ಆಗುತ್ತದೆ. ಹಿಂದಿನದ್ದೂ ಹೆಚ್ಚುಕಡಿಮೆ ಅಷ್ಟೇ. ಆ ಲೆಕ್ಕ ಹಾಕಿ ಇನ್ನೂ ಖುಷಿಯಾಗಿದ್ದೆ.

ಬಾರ್ ಹಾಕುವ ದಿನ ಗೆಳೆಯನೊಬ್ಬ ಸಹಾಯಕ್ಕೆ ಬಂದ. ಕಾರನ್ನು ಜಾಕ್‌ಗೆ ಏರಿಸುವ ಮೊದಲು ಅವನು ಮುಂದಿನ ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟ. ಮೂತಿ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು.

"ಲೋ, ಇದರ ಶಾಕ್ ಸತ್ತು ಎಷ್ಟು ವರ್ಷ ಆಯ್ತೋ?" ಅಂದ. ಶಾಕ್ ಅಂದರೆ ಸ್ಪ್ರಿಂಗಿನ ಕುಣಿತವನ್ನು ತಡೆದು ನಿಲ್ಲಿಸುವ ಶಾಕ್ ಅಬ್ಸಾರ್ಬರ್.

ಅವತ್ತು ಬಾರ್ ಡಬ್ಬದಿಂದ ಹೊರಗೆ ಬರಲೇ ಇಲ್ಲ. ಬಂದದ್ದು ನಾಲ್ಕು ತಿಂಗಳ ನಂತರ.

ಚಕ್ರ ಬಿಚ್ಚಿ ಒಳಗೆ ನೋಡಿದಾಗ ಕಥೆ ಗೊತ್ತಾಯಿತು. ಆರ್ಮ್‌ಗಳ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿದ್ದವು. ಸಣ್ಣ ಸಲಾಕೆ ತೂರಿಸಿ ಮೀಟಿದರೆ ಆರ್ಮ್ ಒಂದೆರಡು ಮಿಮೀ ಆಚೀಚೆ ಸರಿಯುತ್ತಿತ್ತು. ಸ್ವೇ ಬಾರ್‌ನ ತುದಿಯನ್ನು ಆರ್ಮ್‌ಗೆ ಜೋಡಿಸುವ ಡ್ರಾಪ್ ಲಿಂಕ್‌ಗಳು ಮುಂದೆ ಎರಡೂ ಲೊಡಲೊಡ. ಶಾಕ್ ಒಂದನ್ನು ಬಿಚ್ಚಿ ಕೈಯಲ್ಲಿ ಒತ್ತಿದರೆ ಸೋರುವ ಸೈಕಲ್ ಪಂಪಿನ ಹಾಗೆ ಒಳಗೆ ಹೋಯಿತು, ಅರ್ಧ ದಾರಿಯಲ್ಲಿ ತಡೆಯೇ ಇಲ್ಲ. ಇಂಥ ಕಾರಿಗೆ ದಪ್ಪ ಬಾರ್ ಹಾಕಿದ್ದರೆ ವಾಲುವುದು ಕಡಿಮೆಯಾಗುತ್ತಿತ್ತು, ನಿಜ. ಆದರೆ ಚಕ್ರ ಎತ್ತ ನೋಡುತ್ತಿದೆ ಅನ್ನುವುದೇ ನಿಕ್ಕಿ ಇಲ್ಲದ ಕಾರು ಹಾಗೇ ಉಳಿಯುತ್ತಿತ್ತು. ಜೊತೆಗೆ ನಾನು, "ಆಹಾ, ಸರಿಹೋಯಿತು" ಅಂತ ನಂಬಿಕೊಂಡು ಇನ್ನೂ ಜೋರಾಗಿ ಓಡಿಸುತ್ತಿದ್ದೆ.

ಹಾಗಾಗಿ ಕೆಲಸದ ಸರದಿ ತಿರುಗಾಮುರುಗಾ ಆಯಿತು. ಮೊದಲು ಬುಷ್, ಆಮೇಲೆ ಶಾಕ್ ಮತ್ತು ಸ್ಪ್ರಿಂಗ್, ಕೊನೆಗೆ ಬಾರ್.

ಏನನ್ನೂ ಸಡಿಲಿಸುವ ಮುಂಚೆ ಒಂದು ಅಳತೆ ತೆಗೆದುಕೊಂಡೆ. ಸಮತಟ್ಟು ನೆಲದಲ್ಲಿ ನಿಂತ ಕಾರಿನ ಚಕ್ರದ ನಡುಭಾಗದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ, ನಾಲ್ಕೂ ಕಡೆ. ಇದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇನ್ನೊಂದು ಮಾತು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಸ್ಟ್ಯಾಂಡ್ ಇಡದೆ ಕಾರಿನ ಕೆಳಗೆ ತಲೆ ಹಾಕಬೇಡಿ.

ಈಗ ಬೋಲ್ಟುಗಳ ವಿಷಯ. ಈ ಕಾರಿನ ಕೆಳಗಿನ ಒಂದೊಂದು ಆರ್ಮ್‌ಗೂ ಒಳಬದಿಯಲ್ಲಿ ಎರಡೆರಡು ಕ್ಯಾಮ್ ಬೋಲ್ಟು ಇರುತ್ತವೆ, ಒಟ್ಟು ಎಂಟು. ಇವನ್ನು ತಿರುಗಿಸಿದರೆ ಚಕ್ರದ ಕೋನ ಬದಲಾಗುತ್ತದೆ. ಒಳ್ಳೆಯ ಏರ್ಪಾಡು. ಆದರೆ ಮೂವತ್ತು ವರ್ಷ ಯಾರೂ ಮುಟ್ಟದಿದ್ದರೆ ಬೋಲ್ಟು ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಡುತ್ತದೆ. ನಟ್ಟು ಬಿಚ್ಚುತ್ತದೆ, ಬೋಲ್ಟು ಬರಲ್ಲ. ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ಮತ್ತೆ ಹಿಂದಕ್ಕೆ ಎಳೆಯುತ್ತದೆ. ಹೊಸಬರು ಇಲ್ಲೇ ಮೋಸ ಹೋಗುವುದು, "ಅಲ್ಲಾಡ್ತಾ ಇದೆ, ಇನ್ನೇನು ಬಂತು" ಅಂದುಕೊಂಡು.

ನನ್ನ ಎಂಟರಲ್ಲಿ ಐದು ಸಲೀಸಾಗಿ ಬಂದವು. ಎರಡಕ್ಕೆ ನಾಲ್ಕು ದಿನ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಬಡಿದು ತೆಗೆದೆ. ಎಂಟನೆಯದು ಹಿಂದಿನ ಎಡಗಡೆಯದು. ಅದು ಕೊನೆಗೂ ಗರಗಸಕ್ಕೇ ಬಗ್ಗಿದ್ದು. ಬುಷ್‌ನ ಎರಡೂ ಪಕ್ಕದಲ್ಲಿ ಕೊಯ್ದು ಆರ್ಮ್ ಇಳಿಸಿದೆ. ಒಂದೇ ಬೋಲ್ಟಿಗೆ ಒಂದು ಇಡೀ ಭಾನುವಾರ ಹೋಯಿತು. ನೀವು ಇಂಥ ಕೆಲಸಕ್ಕೆ ಇಳಿಯುವ ಮುಂಚೆ ಎರಡು ಹೊಸ ಕ್ಯಾಮ್ ಬೋಲ್ಟು ತಂದಿಟ್ಟುಕೊಂಡಿರಿ. ಹಿಂದಿನ ಹಬ್‌ನ (ಚಕ್ರ ಕೂರುವ ಭಾಗ) ಕೆಳಭಾಗದಲ್ಲಿ ಹಾದುಹೋಗುವ ಉದ್ದ ಬೋಲ್ಟೂ ಇದೇ ಜಾತಿಯದು. ಅದಕ್ಕೆ ಮೊದಲ ದಿನದಿಂದಲೇ ಎಣ್ಣೆ ಬಿಡಲು ಶುರು ಮಾಡಿ. ಹೊಸದಾಗಿ ಹಾಕುವಾಗ ಮತ್ತೆ ಕಚ್ಚಿಕೊಳ್ಳದ ಹಾಗೆ ಎಲ್ಲಕ್ಕೂ ಆಂಟಿ ಸೀಜ್ ಪೇಸ್ಟ್ ಬಳಿದೆ. ಮುಂದೆ ಬಿಚ್ಚುವವನು ನಾನೇ ತಾನೇ.

ಬುಷ್ ರಬ್ಬರಿನದೋ ಪಾಲಿಯುರೆಥೇನಿನದೋ (ಗಟ್ಟಿ ಪ್ಲಾಸ್ಟಿಕ್ ಥರದ್ದು) ಅಂತ ಬಹಳ ತಲೆ ಕೆಡಿಸಿಕೊಂಡೆ. ರಬ್ಬರ್ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಏರಿಳಿದಾಗ ಅದು ಜಾರಲ್ಲ, ತಿರುಚಿಕೊಳ್ಳುತ್ತದೆ. ಪಾಲಿ ಬುಷ್ ಒಳಗಿನ ಕೊಳವೆಯ ಮೇಲೆ ಜಾರುತ್ತದೆ. ಅದಕ್ಕೆ ಗ್ರೀಸು ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ನನ್ನದು ರಸ್ತೆಯ ಕಾರು, ರೇಸಿನದಲ್ಲ. ಆರ್ಮ್‌ಗಳಿಗೆ ರಬ್ಬರನ್ನೇ ಹಾಕಿದೆ. ಸ್ವೇ ಬಾರ್ ಹಿಡಿಯುವ ಬುಷ್ ಮಾತ್ರ ಪಾಲಿ.

ಆ ಅಳತೆ ಕೆಲಸಕ್ಕೆ ಬಂದದ್ದು ಇಲ್ಲೇ. ಕಾರು ಸ್ಟ್ಯಾಂಡಿನ ಮೇಲಿದ್ದಾಗ ಚಕ್ರಗಳು ಕೆಳಗೆ ಜೋತಿರುತ್ತವೆ. ಆಗ ಬುಷ್‌ನ ಬೋಲ್ಟು ಬಿಗಿದರೆ ರಬ್ಬರಿಗೆ ಅದೇ ನೆಟ್ಟಗಿನ ಸ್ಥಿತಿ. ಕಾರು ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಯಾವಾಗಲೂ. ಬೇಗ ಹರಿಯುತ್ತದೆ, ಕಾರೂ ತುಸು ಎತ್ತರದಲ್ಲಿ ನಿಲ್ಲುತ್ತದೆ. ನಾನು ಹಬ್‌ನ ಕೆಳಗೆ ಜಾಕ್ ಕೊಟ್ಟು, ಕಾರು ನೆಲದ ಮೇಲೆ ನಿಂತಾಗ ಎಷ್ಟಿರಬೇಕೋ ಅಷ್ಟು ಅಳತೆಗೆ ಎತ್ತಿ, ಆಮೇಲೆ ಬಿಗಿದೆ. ಹೊಸ ಸ್ಪ್ರಿಂಗ್‌ನಿಂದ ಕಾರು 25 ಮಿಮೀ ಇಳಿಯುವುದಿತ್ತು. ಆ 25ನ್ನು ಹಳೆಯ ಅಳತೆಯಿಂದ ಕಳೆದುಕೊಂಡೆ.

ಇನ್ನೂ ತಗ್ಗಿಸಬಹುದಿತ್ತು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಈ ಕಾರಿನಲ್ಲಿ ಚಕ್ರಕ್ಕೆ ಮೇಲೆ ಹೋಗಲು ಇರುವ ಜಾಗವೇ ಕಡಿಮೆ. ಜಾಸ್ತಿ ಇಳಿಸಿದರೆ ಶಾಕ್ ಬಂಪ್ ಸ್ಟಾಪ್ (ಓಡಾಟದ ಕೊನೆಯಲ್ಲಿ ತಡೆಯುವ ತುಂಡು) ಮೇಲೆಯೇ ಕೂತುಬಿಡುತ್ತದೆ. ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೆ ಕಾರು ಪಕ್ಕಕ್ಕೆ ಹಾರುತ್ತದೆ. ನಾನು ಎರಡನೇ ತಲೆಮಾರಿನ ಎಂಎಕ್ಸ್-5ರ ಶಾಕ್ ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಹಿಡಿಯುವ ಭಾಗ) ಹಾಕಿದೆ. ಅದರಿಂದ ಒಂದಷ್ಟು ಓಡಾಟದ ಜಾಗ ಹೆಚ್ಚು ಸಿಗುತ್ತದೆ. ಶಾಕ್‌ನ ಕಡ್ಡಿಗೆ ಒಂದು ಪ್ಲಾಸ್ಟಿಕ್ ಟೈ ಸುತ್ತಿಬಿಟ್ಟೆ. ಓಡಿಸಿ ಬಂದು ನೋಡಿದರೆ ಅದು ಎಲ್ಲಿಗೆ ತಳ್ಳಿಕೊಂಡು ಹೋಗಿದೆ ಅಂತ ಕಾಣುತ್ತದೆ. ಕಾಸಿಲ್ಲದ ಸೆನ್ಸರ್.

ಸ್ಪ್ರಿಂಗ್ ಮೊದಲಿನದಕ್ಕಿಂತ ಮೂರನೇ ಒಂದು ಪಾಲು ಗಟ್ಟಿ, ಅದಕ್ಕೆ ಹೊಂದುವ ಶಾಕ್. ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿ ಹಳೆಯ ಶಾಕ್ ಉಳಿಸಿಕೊಂಡರೆ ಅದನ್ನು ತಡೆದು ನಿಲ್ಲಿಸುವವರೇ ಇಲ್ಲ. ಸ್ಪ್ರಿಂಗ್ ಕಂಪ್ರೆಸರ್ ಬಳಸುವಾಗ ಮೈಯೆಲ್ಲ ಕಣ್ಣಾಗಿರಬೇಕು. ನಾನು ಬಿಗಿದಿಟ್ಟ ಸ್ಪ್ರಿಂಗಿನ ತುದಿಗೆ ಎಂದೂ ಮುಖ ಕೊಡಲಿಲ್ಲ.

ಇಷ್ಟಾದ ಮೇಲೆ ಹಳೆಯ ಬಾರ್‌ಗಳೊಂದಿಗೇ ಕಾರು ಓಡಿಸಿದೆ. ಹೇಳಲು ನಾಚಿಕೆ, ಅರ್ಧಕ್ಕಿಂತ ಜಾಸ್ತಿ ಕೆಲಸ ಆಗಲೇ ಮುಗಿದಿತ್ತು. ವಾಲುತ್ತಿತ್ತು, ಆದರೆ ಮೆತ್ತಗೆ, ಒಂದೇ ಸಲ ಒರಗಿ ಅಲ್ಲೇ ನಿಲ್ಲುತ್ತಿತ್ತು.

ಡಬ್ಬ ತೆರೆಯುವ ಮುಂಚೆ ಬಾರ್ ಏನು ಮಾಡುತ್ತದೆ ಅಂತ ಸರಿಯಾಗಿ ಓದಿಕೊಂಡೆ. ಮೊದಲೇ ಓದಬೇಕಿತ್ತು. ಸ್ವೇ ಬಾರ್ ಹೊಸದೇನಲ್ಲ, ಕೆನಡಾದಲ್ಲಿ 1919ರಷ್ಟು ಹಿಂದೆಯೇ ಪೇಟೆಂಟ್ ಆದದ್ದು. ಎಡಗಡೆಯ ಆರ್ಮ್‌ನಿಂದ ಬಲಗಡೆಯ ಆರ್ಮ್‌ಗೆ ಒಂದು ಸರಳು, ಅಷ್ಟೇ. ಎರಡೂ ಚಕ್ರ ಒಟ್ಟಿಗೆ ಏರಿದರೆ ಅದು ತನ್ನ ಬುಷ್‌ನಲ್ಲಿ ಸುಮ್ನೆ ಹೊರಳುತ್ತದೆ. ಒಂದು ಏರಿ ಒಂದು ಇಳಿದರೆ ಮಾತ್ರ ತಿರುಚಿಕೊಂಡು ತಡೆಯುತ್ತದೆ.

ನನಗೆ ಗೊತ್ತಿಲ್ಲದೇ ಇದ್ದದ್ದು ಇದರ ಮುಂದಿನ ಮಾತು. ತಿರುವಿನಲ್ಲಿ ಒಳಗಿನ ಚಕ್ರಗಳ ಮೇಲಿನ ಭಾರ ಹೊರಗಿನ ಚಕ್ರಗಳಿಗೆ ಸರಿಯುತ್ತದೆ ಅಲ್ವಾ? ಎಷ್ಟು ಸರಿಯಬೇಕು ಅನ್ನುವುದು ಕಾರಿನ ತೂಕ, ಆ ತೂಕ ಇರುವ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಗಲ, ಮತ್ತೆ ನೀವು ಎಷ್ಟು ಜೋರಾಗಿ ತಿರುಗುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಬಾರ್ ಆ ಮೊತ್ತವನ್ನು ಕಡಿಮೆ ಮಾಡಲ್ಲ. ಅದರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಅಂತ ಪಾಲು ಮಾಡುತ್ತದೆ. ಗಟ್ಟಿ ಬಾರ್ ಇರುವ ಕಡೆಗೆ ದೊಡ್ಡ ಪಾಲು.

ಟೈರಿನದ್ದೊಂದು ಗುಣವಿದೆ. ಅದರ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಬೀಳುತ್ತದೆ. ಹಾಗಾಗಿ ದೊಡ್ಡ ಪಾಲು ಹೊತ್ತ ಜೋಡಿ ಮೊದಲು ಜಾರುತ್ತದೆ. ಮುಂದಿನ ಬಾರ್ ಜಾಸ್ತಿ ಗಟ್ಟಿಯಾದರೆ ಮೂತಿ ತಿರುವಿನಿಂದ ಹೊರಗೆ ತಳ್ಳಿಕೊಂಡು ಹೋಗುತ್ತದೆ. ಹಿಂದಿನದು ಜಾಸ್ತಿಯಾದರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಅಂದರೆ ವಾಲಾಟವನ್ನು ಅಳೆಯುವುದು ನಮ್ಮ ಕಣ್ಣು, ಹಿಡಿತವನ್ನು ಅಳೆಯುವುದು ಟೈರು. ನಾನು ಇಷ್ಟು ದಿನ ಕಣ್ಣಿನ ಮಾತು ಕೇಳುತ್ತಿದ್ದೆ.

ಬಾರ್ ಹಾಕುವ ಕೆಲಸ ಸುಲಭ. ಮುಂದೆ ಎರಡು ಬ್ರಾಕೆಟ್, ಎರಡು ಲಿಂಕ್, ಹಿಂದೆಯೂ ಹಾಗೇ. ಬುಷ್‌ಗೆ ಸಿಲಿಕೋನ್ ಗ್ರೀಸು ಧಾರಾಳವಾಗಿ ಹಚ್ಚಿದೆ. ಮುಂದಿನ ಬಾರ್ ದಪ್ಪವಾದಷ್ಟೂ ಅದರ ಬ್ರಾಕೆಟ್ ಕೂರುವ ತಗಡಿನ ಮೇಲೆ ಎಳೆತ ಜಾಸ್ತಿ. ಅದಕ್ಕಾಗಿ ಗಟ್ಟಿ ಪಟ್ಟಿಗಳು ಸಿಗುತ್ತವೆ. ಬಾರ್ ಕೆಳಗಿರುವಾಗಲೇ ಹಾಕಿಕೊಂಡೆ.

ಲಿಂಕ್ ಕೂರಿಸುವುದರಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಕಾರು ನೆಲದ ಮೇಲೆ ನಿಂತು, ಓಡಿಸುವವನೂ ಒಳಗೆ ಕೂತಾಗ ಬಾರ್ ತಿರುಚಿಕೊಂಡಿರಬಾರದು. ಇಲ್ಲವಾದರೆ ಅದು ಒಂದು ಮೂಲೆಯನ್ನು ಯಾವಾಗಲೂ ತಳ್ಳುತ್ತಿರುತ್ತದೆ. ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುವ ಕಾರಾಗುತ್ತದೆ. ನಾಲ್ಕೂ ಚಕ್ರ ಒಂದೇ ಎತ್ತರದ ರ‍್ಯಾಂಪ್ ಮೇಲೇರಿಸಿ, ಹೆಚ್ಚುಕಡಿಮೆ ನನ್ನಷ್ಟೇ ತೂಕದ ಗೆಳೆಯನನ್ನು ಸೀಟಿನಲ್ಲಿ ಕೂರಿಸಿ, ಉದ್ದ ಹೊಂದಿಸಬಹುದಾದ ಲಿಂಕ್ ತಿರುಗಿಸುತ್ತಾ ಹೋದೆ. ಕೊನೆಯ ಬೋಲ್ಟು ಸುತ್ತಿಗೆ ಇಲ್ಲದೆ ಬೆರಳಿನಿಂದಲೇ ತೂರಿಕೊಂಡರೆ ಸರಿ. ಅವನು ಒಳಗೆ ಕೂತು ಬೋರಾಗಿ ಒಂದು ಗಳಿಗೆ ನಿದ್ದೆಯನ್ನೂ ಮಾಡಿದ.

ಇನ್ನು ನನ್ನ ದೊಡ್ಡ ಪೆದ್ದುತನ. ಹಿಂದಿನ ಬಾರ್‌ನ ತುದಿಗಳಲ್ಲಿ ಲಿಂಕ್ ಸಿಕ್ಕಿಸಲು ಎರಡೆರಡು ತೂತು. ಯಾವುದು ಮೆತ್ತಗೆ, ಯಾವುದು ಗಟ್ಟಿ? ತುದಿಯ ತೂತು ಅಂದರೆ ಉದ್ದ ತೋಳು, ಸಲಾಕೆ ಉದ್ದವಾದಷ್ಟೂ ತಿರುಚುವುದು ಸಲೀಸು, ಹಾಗಾಗಿ ಅದು ಮೆತ್ತಗಿನದು. ಒಳಗಿನದು ಗಟ್ಟಿ. ನಾನು ಇದನ್ನು ತಲೆಕೆಳಗು ಮಾಡಿಕೊಂಡು, "ಮೆತ್ತಗಿನಿಂದ ಶುರು ಮಾಡೋಣ" ಅಂತ ಒಳಗಿನ ತೂತಿಗೆ ಹಾಕಿದೆ. ಒಣ ರಸ್ತೆಯಲ್ಲಿ ಕಾರು ಚುರುಕಾಗಿ, ಮಜವಾಗಿಯೇ ಇತ್ತು. ಮೂರನೇ ದಿನ ಮಳೆ. ಒದ್ದೆ ತಿರುವೊಂದರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ ಅಷ್ಟೇ, ಹಿಂಭಾಗ ನನ್ನನ್ನೇ ಹಿಂದೆ ಹಾಕಲು ಬಂತು. ಎದುರು ಯಾರೂ ಇರಲಿಲ್ಲ. ಅರ್ಧ ಸುತ್ತು ತಿರುಗಿ ರಸ್ತೆಯಲ್ಲೇ ನಿಂತಿತು. ಎಂಜಿನ್ ಆಫ್ ಆಗಿತ್ತು, ವೈಪರ್ ಮಾತ್ರ ಆಡುತ್ತಿತ್ತು. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದಾಗ ತೂತಿನ ವಿಷಯ ಹೊಳೆಯಿತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಟೈರಿನಲ್ಲಿ ಅದೇ ಗಾಳಿ, ಆಮೇಲೆ ಎರಡು ಸಾಲು ಬರಹ. ಹಿಂದಿನದು ತುದಿಯ ತೂತಿಗೆ ಬಂದಾಗ ಬಹಳ ಸುಧಾರಿಸಿತು. ಆದರೂ ಒಂದು ಚಕ್ರ ಹೊಂಡಕ್ಕೆ ಇಳಿದರೆ ಇನ್ನೊಂದೂ ಬೆಚ್ಚುತ್ತಿತ್ತು, ತಲೆ ಆಚೀಚೆ ಎಸೆಯುತ್ತಿತ್ತು. ದಪ್ಪ ಬಾರ್‌ನ ಗುಣವೇ ಅದು, ಎಡ ಬಲ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎರಡು ವಾರ ತಾಳಿಕೊಂಡೆ. ಆಮೇಲೆ ಹಿಂದಕ್ಕೆ ಹಳೆಯ 12 ಮಿಮೀ ಬಾರನ್ನೇ ತೊಳೆದು, ಹೊಸ ಬುಷ್ ಕೊಟ್ಟು ವಾಪಸ್ ಹಾಕಿದೆ. ಮುಂದೆ ಮಾತ್ರ 22 ಉಳಿಯಿತು.

ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್. ಮುಂದೆ ಕ್ಯಾಂಬರ್ (ಚಕ್ರ ಒರಗಿರುವ ಕೋನ, ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.5, ಹಿಂದಿನ ಚಕ್ರಗಳಿಗೆ ಒಂಚೂರು ಟೋ ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವುದು), ಮುಂದೆ ಸೊನ್ನೆ. ಮುಂದೆ ದಪ್ಪ ಬಾರ್ ಇದ್ದೂ ಮೂತಿ ಹೊರಗೆ ತಳ್ಳಿಕೊಂಡು ಹೋಗದಿರುವುದಕ್ಕೆ ಈ ಕ್ಯಾಂಬರ್ ಒಂದು ಕಾರಣ. ಕ್ಯಾಮ್ ಬೋಲ್ಟುಗಳೆಲ್ಲ ಬೆಣ್ಣೆಯ ಹಾಗೆ ತಿರುಗಿದವು. ಅಲೈನ್‌ಮೆಂಟ್ ಮಾಡುತ್ತಿದ್ದವರು, "ಇಷ್ಟು ಹಳೇ ಕಾರಲ್ಲಿ ಇವು ತಿರುಗಿದ್ದು ಇದೇ ಮೊದಲು ನೋಡ್ತಿರೋದು" ಅಂದರು. ಗರಗಸದ ಭಾನುವಾರದ ಕಥೆ ಅವರಿಗೆ ಹೇಳಲಿಲ್ಲ.

ಆ 14 ಮಿಮೀ ಬಾರ್ ಈಗ ಶೆಡ್‌ನ ಗೋಡೆಯ ಮೊಳೆಗೆ ನೇತಾಡುತ್ತಿದೆ. ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ, ಯಾವ ತೂತು ಗಟ್ಟಿ ಅಂತ ಪೆನ್ನಿನಿಂದ ಗುರುತು ಹಾಕಿ.