ಪುಟ್ಟ ಹವಳದ ತೊಟ್ಟಿಯಲ್ಲಿ ಪಾಚಿಯನ್ನು ಹದಕ್ಕೆ ತಂದದ್ದು

ನನ್ನ ಉಪ್ಪುನೀರಿನ ಅಕ್ವೇರಿಯಂ ಎರಡು ಅಡಿ ಉದ್ದದ್ದು. ಕಲ್ಲು, ಮರಳು ಕಳೆದರೆ ಸುಮಾರು 75 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ, ಹವಳದ ಬಳಗದ ಮೃದು ಜೀವಿಗಳಾದ ಜೊಆಂಥಿಡ್‌ಗಳು, ಅಣಬೆಯಾಕಾರದ ಡಿಸ್ಕೊಸೋಮಾ ಮತ್ತು ಒಂದು ಚರ್ಮದ ಹವಳ ಅದರಲ್ಲಿವೆ. ಕಲ್ಲಿನ ಗೂಡು ಕಟ್ಟುವ ಗಟ್ಟಿ ಹವಳಗಳನ್ನಾಗಲಿ ಕಡಲ ಬೀಸಣಿಗೆಗಳನ್ನಾಗಲಿ ನಾನು ಸಾಕುವುದಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನೂ ಅದೇ ಕಾರಣಕ್ಕೆ ದೂರವಿಟ್ಟೆ. ಕೋಳಿ ಆಹಾರಕ್ಕೆಂದು ಮಾರುವ ಚಿಪ್ಪಿನ ಚೂರನ್ನು ಸಿಮೆಂಟಿನೊಂದಿಗೆ ಕಲಸಿ ಎರಕ ಹೊಯ್ದು, ಕ್ಷಾರ ಇಳಿಯುವವರೆಗೆ ವಾರಗಟ್ಟಲೆ ನೀರು ಬದಲಿಸುತ್ತಾ ನೆನೆಸಿದ ಕಲ್ಲುಗಳೇ ಒಳಗಿರುವುದು. ಈ ಕಲ್ಲಿನ ಗುಣ ಪಾಚಿಯ ಕಥೆಯಲ್ಲಿ ಮುಂದೆ ಮುಖ್ಯವಾಗುತ್ತದೆ.

ಇಂಥ ತೊಟ್ಟಿ ಶುರುಮಾಡಿದ ಹೊಸತರಲ್ಲಿ ಎಲ್ಲರಿಗೂ ಸಿಗುವ ಸಲಹೆ ಒಂದೇ: ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿ, ಪಾಚಿ ತಾನಾಗಿ ಸಾಯುತ್ತದೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪಾಚಿಯನ್ನು ಉಪವಾಸ ಕೆಡವಲು ಹೊರಟರೆ ಮೊದಲು ಸೊರಗುವುದು ಹವಳ. ಕಿತ್ತು ಹೊರಹಾಕುವ ಕೈ ಮೊದಲು, ಮೇಯುವ ಬಾಯಿಗಳು ಆಮೇಲೆ, ಪೋಷಕಾಂಶದ ಲೆಕ್ಕ ಕೊನೆಗೆ. ನನ್ನ ತೊಟ್ಟಿ ಹದಕ್ಕೆ ಬಂದದ್ದು ಈ ಕ್ರಮದಲ್ಲಿ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ಗಿಳಿಮೀನುಗಳು ಕಲ್ಲನ್ನು ಕೆರೆಯುವುದನ್ನು ನೋಡಿರುತ್ತಾರೆ. ಕಡಲಿನ ಹವಳದ ದಿಬ್ಬಗಳಲ್ಲಿ ಪಾಚಿ ಬೆಳೆಯುವುದಿಲ್ಲವೆಂದಲ್ಲ, ಬೆಳೆದದ್ದು ಬೆಳೆದ ಹಾಗೆ ಮೇವಾಗುತ್ತದೆ. ಗಿಳಿಮೀನು, ಸರ್ಜನ್ ಮೀನು, ಕಡಲ ಮುಳ್ಳುಚೆಂಡು, ಬಸವನಹುಳು ಕೆಲವು ಹಗಲು, ಕೆಲವು ರಾತ್ರಿ ಅದೇ ಕೆಲಸದಲ್ಲಿರುತ್ತವೆ. ಎರಡು ಅಡಿಯ ಗಾಜಿನೊಳಗೆ ಗಿಳಿಮೀನನ್ನೋ ಸರ್ಜನ್ ಮೀನನ್ನೋ ಕೂಡಿಹಾಕುವುದು ಕ್ರೌರ್ಯ. ಆ ಕೆಲಸದ ದೊಡ್ಡ ಪಾಲು ಸಾಕುವವನ ಬೆರಳುಗಳಿಗೇ ಬರುತ್ತದೆ.

ಕೀಳುವುದಕ್ಕೂ ಮುಂಚೆ ತಿಳಿಯಬೇಕಾದದ್ದು ಎರಡು. ಮೊದಲನೆಯದು, ನೀರಿನ ವಿಷಯ. ನಮ್ಮದು ಬೆಂಗಳೂರಿನ ಕೊಳವೆಬಾವಿಯ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಹವಳದ ತೊಟ್ಟಿಯಲ್ಲಿ ನನಗೆ ಬೇಕಾದದ್ದು 5ರ ಆಸುಪಾಸು. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟದಂತೆ ಮೇಲಿನಿಂದ ಫ್ಯಾನ್ ಹಾಯಿಸುತ್ತೇನೆ, ಆಗ ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ. ಹೋಗುವುದು ಶುದ್ಧ ನೀರು, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಮತ್ತೆ ತುಂಬಿಸುವುದೂ ಸಿಹಿನೀರನ್ನೇ. ಲೀಟರಿಗೆ 30 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು ಹೀಗೆ ತುಂಬಿಸುತ್ತಾ ಹೋದರೆ ವಾರಕ್ಕೆ 210 ಮಿಲಿಗ್ರಾಂ ಒಳಸೇರುತ್ತದೆ, ಎಂದರೆ 75 ಲೀಟರಿನ ತೊಟ್ಟಿಯಲ್ಲಿ ವಾರವಾರವೂ 2.8ರಷ್ಟು ಏರಿಕೆ. ಇದರ ಜೊತೆಗೆ ಸಿಲಿಕೇಟ್ ಬೇರೆ. ಅಡುಗೆಮನೆಯ ಆರ್‌ಒ ಯಂತ್ರ ಒಂದೇ ಸಾಲದು. ಅದರಿಂದ ಬಂದ ನೀರು, ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದ ಕೊಳವೆಯನ್ನೂ ದಾಟಿ ಬರಬೇಕು. ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮಾಪಕ ಸೊನ್ನೆ ತೋರಿಸದಿದ್ದರೆ ಆ ನೀರು ಗಿಡಗಳಿಗೆ ಹೋಗುತ್ತದೆ.

ಮಲ್ಪೆಯ ಕಡೆಯಿರುವ ನನ್ನ ಭಾವ, "ಕಡಲ ನೀರನ್ನೇ ಕ್ಯಾನಿನಲ್ಲಿ ಕಳುಹಿಸುತ್ತೇನೆ, ಉಪ್ಪಿನ ಪುಡಿಗೆ ಯಾಕೆ ಅಷ್ಟು ದುಡ್ಡು ಸುರಿಯುತ್ತೀರಿ?" ಎಂದು ಕೇಳಿದ್ದರು. "ದಡದ ನೀರು ಬೇಡ ಭಾವ, ಮಳೆಗಾಲದಲ್ಲಿ ಅದಕ್ಕೆ ಹೊಳೆಯೇ ಬಂದು ಸೇರುತ್ತದಲ್ಲ" ಎಂದೆ. ಹೊಳೆ ತರುವ ಕೆಸರು, ಗದ್ದೆಯ ಗೊಬ್ಬರ ಒಂದು ಕಡೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ತಳದ ನೀರು ಮೇಲೆದ್ದು ಬರುವುದರಿಂದ ಪೋಷಕಾಂಶವೂ ಏರುತ್ತದೆ. ಮೀನುಗಾರರಿಗೆ ಅದು ಒಳ್ಳೆಯದು, ನನ್ನ ಗಾಜಿನ ಪೆಟ್ಟಿಗೆಗೆ ಅಲ್ಲ.

ಎರಡನೆಯದು, ಶತ್ರುವಿನ ಗುರುತು. ಹೊಸ ತೊಟ್ಟಿಯ ಮರಳಿನ ಮೇಲೆ ಬರುವ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದು ಸಿಲಿಕೇಟ್ ತಿಂದು ಮುಗಿಸಿ ತಾನೇ ಹೋಗುತ್ತದೆ, ನಾನು ಅದರ ತಂಟೆಗೆ ಹೋಗಲಿಲ್ಲ. ಕಡುಗೆಂಪು ಲೋಳೆ ಹಾಳೆಯಂತೆ ಎದ್ದು ಬಂದರೆ ಅದು ಪಾಚಿಯೇ ಅಲ್ಲ, ಸೈನೋಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆ ಅದಕ್ಕೆ ಇಷ್ಟ. ಅವುಗಳಲ್ಲಿ ಕೆಲವು ನೀರಿನಲ್ಲಿ ಕರಗಿದ ಸಾರಜನಕದ ಅನಿಲವನ್ನೇ ಹಿಡಿದು ಬದುಕಬಲ್ಲವು, ಹಾಗಾಗಿ ನೈಟ್ರೇಟ್ ಸೊನ್ನೆಯಾದಾಗ ಅವಕ್ಕೇ ಮೇಲುಗೈ. ನೀರನ್ನು ತಳ್ಳುವ ಪಂಪಾದ ಪವರ್‌ಹೆಡ್ಡಿನ ಮುಖವನ್ನು ಆ ಮೂಲೆಗೆ ತಿರುಗಿಸಿ, ಲೋಳೆಯನ್ನು ನಳಿಕೆಯಿಂದ ಹೀರಿ ತೆಗೆದು ನಾನು ಅದನ್ನು ಕಳೆದೆ. ಎರಿಥ್ರೋಮೈಸಿನ್ ಹಾಕಿ ಎಂದು ಅನೇಕರು ಹೇಳುತ್ತಾರೆ. ಬ್ಯಾಕ್ಟೀರಿಯಾಗಳ ದುಡಿಮೆಯಿಂದಲೇ ನಡೆಯುವ ತೊಟ್ಟಿಗೆ ಪ್ರತಿಜೈವಿಕ ಸುರಿದು, ಆ ನೀರನ್ನು ಊರಿನ ಚರಂಡಿಗೆ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಜವಾದ ಕಾಟ ಹಸಿರು ಕೂದಲು ಪಾಚಿಯದು. ಕಲ್ಲುಗಳ ಮೇಲೆ ಬೆರಳುದ್ದ ಬೆಳೆದು ಜೊಆಂಥಿಡ್‌ಗಳನ್ನು ಮುಚ್ಚತೊಡಗಿದಾಗ ನೀರು ಪರೀಕ್ಷಿಸಿದೆ. ನೈಟ್ರೇಟ್ ಬಹುತೇಕ ಸೊನ್ನೆ, ಫಾಸ್ಫೇಟ್ ಲೀಟರಿಗೆ 0.02 ಮಿಲಿಗ್ರಾಂ. ಈ ಅಂಕಿಗಳನ್ನು ನೋಡಿ ನೀರು ಶುದ್ಧವಾಗಿದೆ ಎಂದುಕೊಂಡರೆ ಎಲ್ಲ ತಲೆಕೆಳಗಾಗುತ್ತದೆ. ನೀರಿನಲ್ಲಿ ಇರಬೇಕಾದದ್ದೆಲ್ಲ ಪಾಚಿಯ ಮೈಯಲ್ಲಿದೆ. ಪರೀಕ್ಷೆ ತೋರಿಸುವುದು ಪಾಚಿ ಉಂಡು ಬಿಟ್ಟ ಎಂಜಲನ್ನು. ಹಾಗಾದರೆ ಪೋಷಕಾಂಶವನ್ನು ಹೊರಹಾಕುವ ನೇರ ದಾರಿ ಆ ಮೈಯನ್ನೇ ಹೊರಹಾಕುವುದು. ನೀರು ಬದಲಿಸುವುದರಿಂದ ಅಷ್ಟು ಫಲವಿಲ್ಲ: ನೈಟ್ರೇಟ್ 20 ಇದ್ದಾಗ ಶೇಕಡಾ 15ರಷ್ಟು ನೀರು ಬದಲಿಸಿದರೆ ಅದು 17ಕ್ಕೆ ಇಳಿಯುತ್ತದೆ, ಅಷ್ಟೇ. ಒಂದು ಹಿಡಿ ಪಾಚಿ ಕಿತ್ತರೆ ಅದು ತಿಂದು ಕಟ್ಟಿಟ್ಟ ಸಾರಜನಕ, ರಂಜಕ ಒಟ್ಟಿಗೇ ಹೋಗುತ್ತದೆ.

ಕೀಳುವುದಕ್ಕೂ ಒಂದು ರೀತಿಯಿದೆ. ಪಂಪುಗಳನ್ನು ನಿಲ್ಲಿಸಿ, ಕಿರುಬೆರಳು ಗಾತ್ರದ ನಳಿಕೆಯ ಬಾಯನ್ನು ಪಾಚಿಯ ಬುಡದಲ್ಲೇ ಹಿಡಿದು, ಇನ್ನೊಂದು ಕೈಯಲ್ಲಿ ಚಿವುಟಿ ಎಳೆಯುತ್ತೇನೆ. ತುಂಡಾದದ್ದು ತೇಲಿ ಬೇರೆ ಕಲ್ಲಿಗೆ ಅಂಟುವ ಮೊದಲೇ ನಳಿಕೆ ಅದನ್ನು ಸೆಳೆಯುತ್ತದೆ. ನಳಿಕೆಯ ಇನ್ನೊಂದು ತುದಿ ಬಕೆಟ್ಟಿನಲ್ಲಿ, ನುಣುಪು ಬಟ್ಟೆಯ ಸೋಸುಚೀಲದೊಳಗೆ. ಸೋಸಿದ ನೀರನ್ನು ಮತ್ತೆ ತೊಟ್ಟಿಗೇ ಹಾಕುತ್ತೇನೆ, ಹಾಗಾಗಿ ಎಷ್ಟು ಹೊತ್ತು ಬೇಕಾದರೂ ಕೆಲಸ ಮಾಡಬಹುದು. ಚಿವುಟಲು ಸಿಗದ ಬುಡಕ್ಕೆ ಗಟ್ಟಿ ಎಳೆಯ ಹಲ್ಲುಜ್ಜುವ ಬ್ರಷ್. ಎತ್ತಿ ಹೊರತೆಗೆಯಬಹುದಾದ ಚಿಕ್ಕ ಕಲ್ಲಾದರೆ ಹೊರಗೇ ಉಜ್ಜಿ, ಪಾಚಿಯ ಬುಡಕ್ಕೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಸಿರಿಂಜಿನಿಂದ ಹನಿಸಿ, ಒಂದೆರಡು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದು ಹಿಂದಿರುಗಿಸುತ್ತೇನೆ. ಔಷಧಿ ಅಂಗಡಿಯಲ್ಲಿ ಶೇಕಡಾ 6ರದ್ದು ಸಿಕ್ಕರೆ ಸಮಪಾಲು ಶುದ್ಧ ನೀರು ಬೆರೆಸಬೇಕು. ಹವಳದ ಮೈಗೆ ತಾಗದಂತೆ ಕೈ ಹಿಡಿತದಲ್ಲಿರಬೇಕು. ತೊಟ್ಟಿಯ ನೀರಿಗೇ ಪೆರಾಕ್ಸೈಡ್ ಬೆರೆಸುವ ಪದ್ಧತಿಯೂ ಇದೆ. ಆದರೆ ಲಿಸ್ಮಾಟಾ ಜಾತಿಯ ಸೀಗಡಿಗಳಿಗೆ ಅದು ಆಗಿಬರುವುದಿಲ್ಲ, ನನ್ನ ಸೀಗಡಿ ಅದೇ ಜಾತಿಯದು.

ಮೊದಲ ತಿಂಗಳು ವಾರವಾರವೂ ಕಿತ್ತೆ, ವಾರವಾರವೂ ಅದು ಮತ್ತೆ ಬಂತು. ಆದರೆ ಪ್ರತಿ ಸಲವೂ ಸೋಸುಚೀಲದಲ್ಲಿ ಬೀಳುವ ಮುದ್ದೆ ಚಿಕ್ಕದಾಗುತ್ತಿತ್ತು. ನಾನು ಧೈರ್ಯ ಇಟ್ಟುಕೊಂಡದ್ದು ಆ ಮುದ್ದೆಯ ಮೇಲೆ, ಪರೀಕ್ಷೆಯ ಅಂಕಿಯ ಮೇಲಲ್ಲ.

ಪಾಚಿ ಗಿಡ್ಡವಾದ ಮೇಲೆ ಬಸವನಹುಳುಗಳು ಕೆಲಸಕ್ಕೆ ಬಂದವು. ಬೆರಳುದ್ದದ ಕೂದಲನ್ನು ಅವು ಮುಟ್ಟುವುದಿಲ್ಲ, ಮೊಳಕೆಯನ್ನು ಮೇಯುತ್ತವೆ. ನನ್ನಲ್ಲಿರುವುದು ಸೆರಿತ್ ಮತ್ತು ನೆರೈಟ್. ಸೆರಿತ್ ಹಗಲು ಮರಳಿನೊಳಗೆ ಹೂತುಕೊಂಡಿದ್ದು ರಾತ್ರಿ ಕಲ್ಲು ಹತ್ತುತ್ತದೆ. ನೆರೈಟ್ ಗಾಜನ್ನು ಕನ್ನಡಿಯಾಗಿಸುತ್ತದೆ, ಆದರೆ ನೀರಿನ ಮೇಲಕ್ಕೂ ಹತ್ತಿ ಹೊರಬೀಳುತ್ತದೆ, ಮುಚ್ಚಳ ಬೇಕೇ ಬೇಕು. ಅಂಗಡಿಗಳಲ್ಲಿ ಹೇಳುವಷ್ಟು ಸಂಖ್ಯೆಯಲ್ಲಿ ಕೊಳ್ಳಬೇಡಿ. ಮೇವು ಮುಗಿದಾಗ ಅವು ಹಸಿದು ಸತ್ತು, ಕೊಳೆತು, ಮತ್ತೆ ಪಾಚಿಗೇ ಗೊಬ್ಬರವಾಗುತ್ತವೆ. ಇಷ್ಟು ನೀರಿಗೆ ಎಂಟು–ಹತ್ತು ಸಾಕು. ಕೂದಲು ಪಾಚಿಯನ್ನು ಸಿಕ್ಕಾಪಟ್ಟೆ ಮೇಯುವ, ಬಸವನಹುಳುವಿನ ಬಳಗದ ಕಡಲ ಮೊಲವನ್ನು ನಾನು ತರಲೇ ಇಲ್ಲ. ಪಾಚಿ ಮುಗಿದ ಮೇಲೆ ಅದಕ್ಕೆ ನನ್ನ ತೊಟ್ಟಿಯಲ್ಲಿ ಊಟವಿಲ್ಲ. ಸನ್ಯಾಸಿ ಏಡಿ ಚಿಪ್ಪಿನಾಸೆಗೆ ಬಸವನಹುಳುವನ್ನು ಕೊಲ್ಲುತ್ತದೆ, ಅದನ್ನೂ ಬಿಟ್ಟೆ.

ಈಗ ಫಾಸ್ಫೇಟ್. ಅದು ಬಹುಪಾಲು ಬರುವುದು ನಾವು ಹಾಕುವ ಆಹಾರದಿಂದ. ಹೆಪ್ಪುಗಟ್ಟಿದ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ತುಣುಕನ್ನು ಕರಗಿಸಿ, ಚಹಾ ಸೋಸುವ ಜರಡಿಯಲ್ಲಿ ರಸ ಬಸಿದು, ಎರಡು ಮೀನುಗಳು ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕುತ್ತೇನೆ. ಆದರೂ ಪಾಚಿ ಕಡಿಮೆಯಾದಂತೆ ನೀರಿನ ಫಾಸ್ಫೇಟ್ ಅಂಕಿ ಏರಿತು! ಇಲ್ಲಿಯೇ ಅನೇಕರು ಗಾಬರಿಯಾಗುತ್ತಾರೆ. ಕಾರಣ ಎರಡು. ತಿನ್ನುವ ಪಾಚಿ ಈಗಿಲ್ಲ. ಇನ್ನೊಂದು, ಚಿಪ್ಪಿನ ಕಲ್ಲು ಮತ್ತು ಮರಳು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಅವು ಫಾಸ್ಫೇಟನ್ನು ಮೈಗೆ ಅಂಟಿಸಿಕೊಂಡು, ನೀರಿನಲ್ಲಿ ಅದು ಕಡಿಮೆಯಾದೊಡನೆ ಬಿಡುತ್ತಾ ಬರುತ್ತವೆ. ಆದ್ದರಿಂದ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳು, ಅಂದರೆ ಜಿಎಫ್‌ಒ, ಹಾಕಿದರೆ ಅಂಕಿ ಇಳಿದು, ನಾಲ್ಕು ದಿನ ಕಳೆದು ಮತ್ತೆ ಏರುತ್ತದೆ. ನಾನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣವನ್ನು ಚಿಕ್ಕ ಚೀಲದಲ್ಲಿಟ್ಟು, ಅಂಕಿ ನೋಡುತ್ತಾ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದೆ. ನನ್ನಲ್ಲಿರುವ ಹ್ಯಾನಾ ಕಂಪನಿಯ ಮಾಪಕ ತೋರಿಸುವುದು ರಂಜಕವನ್ನು, ಶತಕೋಟಿಯಲ್ಲಿ ಭಾಗದ ಲೆಕ್ಕದಲ್ಲಿ, ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಫಾಸ್ಫೇಟ್ ಎಂದು ತಿಳಿಯುತ್ತದೆ. 20 ತೋರಿಸಿದರೆ ಸುಮಾರು 0.06. ನನ್ನ ಗುರಿ 0.05ರ ಹತ್ತಿರ.

ಅದಕ್ಕಿಂತ ಕೆಳಗಿಳಿಯಲು ನಾನು ಬಿಡುವುದಿಲ್ಲ. ಎರಡೂ ಪೋಷಕಾಂಶಗಳು ಬತ್ತಿದ ತೊಟ್ಟಿಗಳಲ್ಲಿ ಡೈನೋಫ್ಲಾಜೆಲೇಟ್‌ಗಳು ಏಳುತ್ತವೆ: ಗಾಳಿಗುಳ್ಳೆ ಸಿಕ್ಕಿಸಿಕೊಂಡ ಕಂದು ಲೋಳೆಯ ಎಳೆಗಳು. ಅವುಗಳಲ್ಲಿ ಆಸ್ಟ್ರಿಯೋಪ್ಸಿಸ್‌ನಂಥವು ವಿಷಕಾರಿ, ಅವನ್ನು ತಿಂದ ಬಸವನಹುಳುಗಳೇ ಸಾಯುತ್ತವೆ. ಕೂದಲು ಪಾಚಿಯ ಕಾಟ ಅದರ ಮುಂದೆ ಏನೂ ಅಲ್ಲ. ನೈಟ್ರೇಟ್ 2ಕ್ಕಿಂತ ಕೆಳಗೆ ಕಂಡರೆ ನಾನು ಮೀನಿನ ಊಟವನ್ನು ಸ್ವಲ್ಪ ಹೆಚ್ಚಿಸುತ್ತೇನೆ.

ಕಿತ್ತ ಪಾಚಿಯ ಜಾಗದಲ್ಲಿ ಬೇರೊಂದು ಪಾಚಿಯನ್ನು ನಾನೇ ಬೆಳೆಸುತ್ತಿದ್ದೇನೆ. ತೊಟ್ಟಿಯ ಹಿಂಬದಿಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ಕೀಟೊಮಾರ್ಫಾದ ಒಂದು ಉಂಡೆಯಿದೆ. ಅದರ ದೀಪ ಉರಿಯುವುದು ರಾತ್ರಿ, ತೊಟ್ಟಿಯ ದೀಪ ಆರಿದ ಮೇಲೆ. ಇದರಿಂದ ರಾತ್ರಿ ನೀರಿನ ಪಿಎಚ್ ಹೆಚ್ಚು ಕುಸಿಯುವುದಿಲ್ಲ. ಉಂಡೆ ಪೆಟ್ಟಿಗೆ ತುಂಬಿದಾಗ ಅರ್ಧ ಕಿತ್ತು ಎಸೆಯುತ್ತೇನೆ. ತೊಟ್ಟಿಯ ದೀಪಕ್ಕೆ ದಿನಕ್ಕೆ ಎಂಟು ಗಂಟೆ. ಕಿಟಕಿಯ ಬಿಸಿಲು ಬೀಳುವ ಬದಿಗೆ ಕಪ್ಪು ಹಾಳೆ.

ಇಷ್ಟಾದರೂ ಒಂದು ಕಲ್ಲಿನ ಮೇಲೆ ಬ್ರಯೋಪ್ಸಿಸ್ ಎಂಬ ಹಸಿರು ಪಾಚಿ ಉಳಿಯಿತು. ಎಳೆಯ ಎರಡೂ ಬದಿಗೆ ಗರಿಯಂತೆ ಕವಲೊಡೆಯುವುದು ಅದರ ಗುರುತು. ಬಸವನಹುಳು ಮುಟ್ಟದು, ಕಿತ್ತರೆ ಬುಡದಿಂದ ಚಿಗುರುತ್ತದೆ. ಇದೊಂದಕ್ಕೆ ಮಾತ್ರ ನಾನು ಔಷಧಿ ಬಳಸಿದೆ: ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಲೀಟರಿಗೆ 5 ಮಿಲಿಗ್ರಾಂ. 75 ಲೀಟರಿಗೆ 375, ಎಂದರೆ 150 ಮಿಲಿಗ್ರಾಮಿನ ಎರಡೂವರೆ ಮಾತ್ರೆ. ವೈದ್ಯರ ಚೀಟಿ ಬೇಡುವ ಔಷಧಿ ಇದು. ನೀರು ಶೋಧಿಸಲು ಇಟ್ಟ ಇದ್ದಿಲು ಔಷಧಿಯನ್ನು ಹೀರದಂತೆ ತೆಗೆದಿಟ್ಟು, ಕೀಟೊಮಾರ್ಫಾವನ್ನು ಬೇರೆ ಬಕೆಟ್ಟಿಗೆ ಸಾಗಿಸಿ, ಮಾತ್ರೆಯನ್ನು ಅರೆದು ಕರಗಿಸಿ ಹಾಕಿದೆ. ಮೊದಲ ವಾರ ಏನೂ ಆಗದಂತೆ ಕಂಡಿತು. ಆಮೇಲೆ ಗರಿಗಳು ಬಿಳಿಚಿ, ಮೂರನೆಯ ವಾರದ ಹೊತ್ತಿಗೆ ಬೆರಳು ತಾಗಿಸಿದರೆ ಕಳಚುವಂತಾದವು. ಸಾಯುವ ಪಾಚಿ ತನ್ನೊಳಗಿನದನ್ನೆಲ್ಲ ನೀರಿಗೆ ಬಿಡುತ್ತದೆ, ಅದಕ್ಕೇ ಅದನ್ನು ಕೊಳೆಯಲು ಬಿಡದೆ ನಳಿಕೆಯಿಂದ ಹೀರಿ ತೆಗೆದೆ, ಕೊನೆಗೆ ನೀರು ಬದಲಿಸಿ ಹೊಸ ಇದ್ದಿಲು ಇಟ್ಟೆ.

ಈಗ ಅಪರೂಪಕ್ಕೆ ಕಾಣುವುದು ಗುಳ್ಳೆ ಪಾಚಿ. ಕಡಲೆಕಾಳು ಗಾತ್ರದ ಹಸಿರು ಮಣಿ ಕಂಡರೆ ಆ ಕಲ್ಲನ್ನು ಹೊರತೆಗೆದು, ಬೇರೆ ಪಾತ್ರೆಯ ಉಪ್ಪುನೀರಿನಲ್ಲಿ ಮುಳುಗಿಸಿ, ಮೊಂಡು ಚಾಕುವಿನಿಂದ ಬುಡಸಮೇತ ಎಬ್ಬಿಸುತ್ತೇನೆ. ಒಡೆದರೂ ಒಳಗಿನ ದ್ರವ ಆ ಪಾತ್ರೆಯಲ್ಲೇ ಉಳಿಯುತ್ತದೆ, ತೊಟ್ಟಿಯನ್ನು ಸೇರುವುದಿಲ್ಲ.