ಬನ್ನಿಗೆ ಬೂಷ್ಟು ಎಲ್ಲಿಂದ ಬರುತ್ತೆ? ಪ್ಲೇಟ್ ಇಟ್ಟು ಪತ್ತೆ ಮಾಡಿ

ತುಮಕೂರಲ್ಲಿ ಬಿ.ಎಚ್. ರೋಡಿಂದ ಸ್ವಲ್ಪ ಒಳಗೆ ನಮ್ಮ ಚಿಕ್ಕಪ್ಪಂದು ಸಣ್ಣ ಬೇಕರಿ ಇದೆ, ಬನ್ನು ಬ್ರೆಡ್ಡು ರಸ್ಕು ಎಲ್ಲ ಅಲ್ಲೇ ಮಾಡೋದು. ಹೋದ ಆಷಾಢದಲ್ಲಿ ಬನ್ನಿಗೆ ಮೂರನೇ ದಿನಕ್ಕೇ ಹಸಿರು ಬೂಷ್ಟು ಬರೋಕೆ ಶುರುವಾಯ್ತು, ಅಂಗಡಿಯವರು ಕವರ್ ಸಮೇತ ವಾಪಸ್ ಕಳಿಸೋರು. ಚಿಕ್ಕಪ್ಪ ಮೈದಾ ಚೇಂಜ್ ಮಾಡಿದ್ರು, ಈಸ್ಟ್ ಚೇಂಜ್ ಮಾಡಿದ್ರು, ದಿನಾ ಎರಡು ಸಲ ಫಿನಾಯಿಲ್ ಹಾಕಿ ನೆಲ ಒರೆಸಿದ್ರು, ಬೂಷ್ಟು ಜಪ್ಪಯ್ಯ ಅನ್ಲಿಲ್ಲ.

ಮೈದಾದಲ್ಲಿ ಬೂಷ್ಟಿನ ಬೀಜಕಣ ಇರೋದು ನಿಜ, ಆದ್ರೆ ಓವನ್ ಬಿಸಿಗೆ ಅವು ಸತ್ತೋಗ್ತವೆ. ಬೂಷ್ಟು ಕೂರೋದು ಬನ್ನು ಈಚೆ ಬಂದ ಮೇಲೆ, ಆರೋಕೆ ಇಟ್ಟಾಗ, ಕಟ್ ಮಾಡುವಾಗ, ಕವರ್‌ಗೆ ಹಾಕುವಾಗ. ಹಂಗಾಗಿ ಹುಡುಕಬೇಕಾಗಿದ್ದು ಗಾಳೀಲಿ, ಟೇಬಲ್ ಮೇಲೆ. ನಾನು ಓದಿದ್ದು ಮೈಕ್ರೋಬಯಾಲಜಿ, ಚಿಕ್ಕಪ್ಪ ಕರೆದ್ರು, ಹೋದೆ.

ಮೊದಲು ಬೇಕಾಗಿರೋದು ಅಗಾರ್ ಹಾಕಿರೋ ಪೆಟ್ರಿ ಪ್ಲೇಟು, ಅಂದ್ರೆ ಮುಚ್ಚಳ ಇರೋ ಚಪ್ಪಟೆ ತಟ್ಟೆ, ಅಗಾರ್ ಮೇಲೆ ಬಿದ್ದ ಕಣ ಅಲ್ಲೇ ಬೆಳೆದು ಕಣ್ಣಿಗೆ ಕಾಣುತ್ತೆ. ಅಗಾರ್ ಅಂದ್ರೆ ಬೇಕರಿಯವರಿಗೆ ಗೊತ್ತಿರೋ ಚೈನಾ ಗ್ರಾಸೇ, ಕಡಲ ಪಾಚಿಯಿಂದ ಮಾಡಿದ್ದು. ಅದನ್ನ ಲ್ಯಾಬಿಗೆ ತಂದಿದ್ದೂ ಅಡುಗೆಮನೆಯಿಂದಾನೇ, 1880ರ ಆಸುಪಾಸಲ್ಲಿ ಫ್ಯಾನಿ ಹೆಸ್ಸೆ ಅನ್ನೋ ಹೆಂಗಸು ತಾನು ಜೆಲ್ಲಿ ಮಾಡೋಕೆ ಬಳಸ್ತಿದ್ದಿದ್ದನ್ನ, ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸ್ತಿದ್ದ ಗಂಡನಿಗೆ ಹೇಳಿಕೊಟ್ಟಿದ್ದು. ಬೂಷ್ಟಿಗಾದ್ರೆ ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗಾರ್, ಬ್ಯಾಕ್ಟೀರಿಯಾಕ್ಕಾದ್ರೆ ಪ್ಲೇಟ್ ಕೌಂಟ್ ಅಗಾರ್ ಅಂತ ಕೇಳಿ, ಮೈಕ್ರೋಬಯಾಲಜಿ ಲ್ಯಾಬಲ್ಲಿ ರೆಡಿಮೇಡ್ ಹಾಕ್ಕೊಡ್ತಾರೆ.

ರಜಾ ದಿನ ಎಲ್ಲ ತೊಳೆದು ಪ್ಲೇಟ್ ಇಡಬೇಡಿ, ಅದು ಇನ್‌ಸ್ಪೆಕ್ಷನ್ ದಿನ ಸ್ಕೂಲ್ ಗುಡಿಸಿದಂಗೆ. ಕೆಲಸ ಜೋರಾಗಿ ನಡೀತಿರುವಾಗ ಇಡಿ. ನಾವು ನಾಲ್ಕು ಕಡೆ ಇಟ್ವಿ: ಮೈದಾ ಜರಡಿ ಹಿಡಿಯೋ ಜಾಗ, ಆರಿಸೋ ರ‍್ಯಾಕು, ಪ್ಯಾಕಿಂಗ್ ಟೇಬಲ್ಲು, ಮೋರಿ ಪಕ್ಕ. ಬನ್ನು ಇರೋ ಎತ್ತರಕ್ಕೇ ಇಟ್ಟು ಮುಚ್ಚಳ ತೆಗೆದು ಅರ್ಧ ಗಂಟೆ ಬಿಡಿ, ಅದರ ಮೇಲೆ ಬಗ್ಗಿ ಮಾತಾಡಬೇಡಿ. ಎಲ್ಲದಕ್ಕೂ ಒಂದೇ ಟೈಮು ಇರಲಿ, ಇಲ್ಲಾಂದ್ರೆ ಹೋಲಿಸೋಕಾಗಲ್ಲ. ಒಂದು ಪ್ಲೇಟ್ ತೆಗೀದೇ ಹಂಗೇ ಇಡಿ, ಅದರಲ್ಲೂ ಏನಾದ್ರೂ ಬೆಳೆದ್ರೆ ಪ್ಲೇಟೇ ಕೆಟ್ಟಿತ್ತು ಅಂತ ಲೆಕ್ಕ.

ಟೇಬಲ್‌ಗೆ ಸ್ವಾಬ್. ಲ್ಯಾಬಿನ ಸ್ಟೆರೈಲ್ (ಯಾವ ಸೂಕ್ಷ್ಮಜೀವಿನೂ ಇಲ್ಲದ) ಹತ್ತಿ ಕಡ್ಡೀನ ಸ್ಟೆರೈಲ್ ಉಪ್ಪುನೀರಲ್ಲಿ ಅದ್ದಿ, 10 ಸೆಂಟಿಮೀಟರ್ ಉದ್ದ 10 ಅಗಲದ ಜಾಗಾನ ಅಡ್ಡಕ್ಕೊಂದ್ಸಲ ಉದ್ದಕ್ಕೊಂದ್ಸಲ ಉಜ್ಜಿ. ಮಧ್ಯ ಭಾಗ ಯಾವಾಗ್ಲೂ ಕ್ಲೀನಾಗೇ ಇರುತ್ತೆ, ಟೇಬಲ್ ಸಂದಿ, ಸ್ಲೈಸರ್ ಬ್ಲೇಡಿನ ಹಿಂಭಾಗ, ಒರೆಸೋ ಬಟ್ಟೆ, ಇವನ್ನ ಹಿಡೀರಿ.

ಆಮೇಲೆ ಎಲ್ಲಾ ಲ್ಯಾಬಿಗೆ ಕೊಟ್ಬಿಡಿ. ಪ್ಲೇಟ್ ಬೋರಲಾಕಿ ಇಡ್ತಾರೆ, ಬೂಷ್ಟಿಗೆ 25 ಡಿಗ್ರಿಲಿ ಐದು ದಿನ, ಬ್ಯಾಕ್ಟೀರಿಯಾಕ್ಕೆ 35 ಡಿಗ್ರಿ ಆಸುಪಾಸಲ್ಲಿ ಎರಡು ದಿನ. ಒಂದೊಂದು ಚುಕ್ಕೇನೂ ಬಿದ್ದ ಒಂದು ಕಣದಿಂದಾನೋ ಒಂದು ಗುಂಪಿಂದಾನೋ ಬೆಳೆದಿದ್ದು, ಅದನ್ನ ಕಾಲೋನಿ ಅಂತಾರೆ, ಅದನ್ನೇ ಎಣಿಸೋದು.

ನಮಗೆ ಮೋರಿ ಪಕ್ಕದ ಪ್ಲೇಟಲ್ಲೇ ಜಾಸ್ತಿ ಬರುತ್ತೆ ಅಂತ ಇತ್ತು, ಬರ್ಲಿಲ್ಲ, ಬಂದಿದ್ದು ಆರಿಸೋ ರ‍್ಯಾಕಲ್ಲಿ. 41 ಕಾಲೋನಿ, ಹಸಿರು, ಕಪ್ಪು, ಒಂದು ಬಿಳೀದು ಹತ್ತಿ ಥರ ಉಬ್ಬಿಕೊಂಡಿತ್ತು. ಬನ್ನು ಬೇಗ ಆರಲಿ ಅಂತ ರ‍್ಯಾಕ್ ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟಿದ್ರು, ಜಾಲರಿ ಬಿಚ್ಚಿ ನೋಡಿದ್ರೆ ರೆಕ್ಕೆ ಅಂಚಲ್ಲಿ ಮೈದಾ ಎಣ್ಣೆಜಿಡ್ಡು ಧೂಳು ಸೇರಿ ಕಂಬಳಿ ಥರ ಮೆತ್ತಿಕೊಂಡಿದೆ, ಮೇಲಾಗಿ ಫ್ಯಾನ್ ಹಿಂದೇನೇ ಮೈದಾ ಜರಡಿ ಹಿಡಿಯೋದು! ಓವನ್ನಲ್ಲಿ ಸಾಯಿಸಿದ್ದನ್ನ ಫ್ಯಾನ್ ಹಾಕಿ ವಾಪಸ್ ತುಂಬ್ತಿದ್ವಿ.

ಫ್ಯಾನ್ ಎತ್ತಿಸಿದ್ವಿ, ಜರಡಿ ಕೆಲಸ ಇನ್ನೊಂದು ರೂಮಿಗೆ ಹೋಯ್ತು, ಆಷಾಢದ ಗಾಳಿಗೆ ರಸ್ತೆ ಧೂಳು ಬರ್ತಿದ್ದ ಕಿಟಕಿಗೆ ಗಾಜು ಬಿತ್ತು. ಬನ್ನು ಪೂರ್ತಿ ಆರೋ ತನಕ ಕವರ್ ಕಟ್ಟಬೇಡಿ ಅಂತಾನೂ ಹೇಳ್ದೆ, ಒಳಗೆ ಬೆವರಿದ್ರೆ ಬೂಷ್ಟಿಗೆ ಹಬ್ಬ.

ಟೇಬಲ್ ಕ್ಲೀನ್ ಮಾಡೋದಕ್ಕೂ ಒಂದು ಆರ್ಡರ್ ಇದೆ. ಒಣ ಪುಡಿ ಕೆರೆದು ತೆಗೀರಿ, ಸೋಪು ಹಾಕಿ ಉಜ್ಜಿ, ನೀರಲ್ಲಿ ತೊಳೀರಿ, ಆಮೇಲೆ ಬ್ಲೀಚ್. ಜಿಡ್ಡಿನ ಮೇಲೇ ಬ್ಲೀಚ್ ಹಾಕಿದ್ರೆ ಅದರ ಶಕ್ತಿಯೆಲ್ಲ ಜಿಡ್ಡಿಗೇ ಖರ್ಚಾಗೋಗುತ್ತೆ. ಬ್ಲೀಚಲ್ಲಿ 4 ಪರ್ಸೆಂಟ್ ಹೈಪೋಕ್ಲೋರೈಟ್ ಇದ್ರೆ ಒಂದು ಲೀಟರ್ ನೀರಿಗೆ 5 ಎಂಎಲ್, ಅದು 200 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 200 ಭಾಗ ಆಗುತ್ತೆ. ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷದ ಗ್ಯಾಸ್ ಬರುತ್ತೆ. ಕೊನೆಗೆ ಒಣಗಿಸಿ, ಹಸಿ ಬಟ್ಟೇಲಿ ಒರೆಸಿದ್ರೆ ಮಾಡಿದ್ದೆಲ್ಲ ನೀರುಪಾಲು. ಮೋರಿಗೆ ಪೈಪಲ್ಲಿ ಜೋರಾಗಿ ನೀರು ಬಿಡಬೇಡಿ, ಸಣ್ಣ ಹನಿ ಎದ್ದು ಅಲ್ಲಿರೋ ಬ್ಯಾಕ್ಟೀರಿಯಾ ಟೇಬಲ್ ತನಕ ಬರುತ್ತೆ.

ಒಂದು ವಾರ ಬಿಟ್ಟು ಅದೇ ಜಾಗ, ಅದೇ ಹೊತ್ತು, ಅದೇ ಅರ್ಧ ಗಂಟೆ ಮತ್ತೆ ಪ್ಲೇಟ್ ಇಡಿ. ನಮಗೆ ರ‍್ಯಾಕಲ್ಲಿ 6 ಬಂತು.

ಬೆಳೆದ ಪ್ಲೇಟನ್ನ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ, ಕಸಕ್ಕೂ ಹಾಕಬೇಡಿ, ಲ್ಯಾಬಲ್ಲೇ ಆಟೋಕ್ಲೇವ್ ಮಾಡ್ತಾರೆ, ಅಂದ್ರೆ ಕುಕ್ಕರ್ ಥರ ಒತ್ತಡದ ಹಬೇಲಿ ಎಲ್ಲಾ ಸಾಯಿಸ್ತಾರೆ. ಚಿಕ್ಕಪ್ಪ ಒಂದನ್ನ ಹುಡುಗರಿಗೆ ತೋರ್ಸೋಕೆ ಬೇಕರೀಲೇ ಇಟ್ಕೋತೀನಿ ಕಣೋ ಅಂದ್ರು, ಫೋಟೋ ಹೊಡ್ಕೊಳಿ ಚಿಕ್ಕಪ್ಪ ಸಾಕು ಅಂದೆ.