ಮನೆಯಲ್ಲಿ ಕಟ್ಟಿದ ವಿಮಾನದ ಹೈಡ್ರಾಲಿಕ್ಸ್: ದೋಷ ಹುಡುಕುವುದು, ಜೋಡಣೆ ಕಡಿಮೆ ಮಾಡುವುದು

ಬ್ರೇಕ್ ಪೆಡಲ್ ಸ್ಪಂಜಿನಂತೆ ಕುಗ್ಗಿ, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಸಾಮಾನ್ಯವಾಗಿ ಎಣ್ಣೆಯ ಲೈನಿನಲ್ಲಿ ಗಾಳಿ ಸೇರಿದೆ ಎಂದರ್ಥ. ಮೊದಲು ಗಟ್ಟಿಯಿದ್ದು, ಒತ್ತಿ ಹಿಡಿದಾಗ ಮೆಲ್ಲನೆ ಕೆಳಗಿಳಿದರೆ, ಹೊರಗೆಲ್ಲೂ ತೇವ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಓ-ರಿಂಗ್, ಅಂದರೆ ರಬ್ಬರ್ ಸೀಲ್, ದಾಟಿ ಎಣ್ಣೆ ಹಿಂದಕ್ಕೆ ಜಾರುತ್ತಿದೆ. ಇದಕ್ಕೆ ಎಷ್ಟು ಸಲ ಬ್ಲೀಡ್ ಮಾಡಿದರೂ (ಲೈನಿನ ಗಾಳಿ ಹೊರಹಾಕಿದರೂ) ಉಪಯೋಗವಿಲ್ಲ, ಸೀಲ್ ಬದಲಿಸಬೇಕು.

ಗಾಳಿ ಮೇಲಕ್ಕೇರುವುದರಿಂದ ಬ್ಲೀಡಿಂಗನ್ನೂ ಕೆಳಗಿನಿಂದಲೇ ಮಾಡಿ. ಕ್ಯಾಲಿಪರಿನ (ಚಕ್ರದ ಡಿಸ್ಕ್ ಹಿಡಿಯುವ ಬ್ರೇಕ್ ಭಾಗ) ಬ್ಲೀಡರ್, ಅಂದರೆ ಬ್ಲೀಡ್ ಮಾಡಲು ತೆರೆಯುವ ತಿರುಪು, ಕೆಳಗೆ, ಲೈನ್ ಸೇರುವ ಕಡೆ ಮೇಲೆ ಇರಲಿ. ಪಂಪ್ ಇರುವ ಎಣ್ಣೆ ಕ್ಯಾನಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಟ್ಯೂಬಿನೊಳಗಿನ ಗಾಳಿಯನ್ನು ಮೊದಲೇ ಹೊರಹಾಕಿ, ಬ್ಲೀಡರಿಗೆ ಜೋಡಿಸಿ, ಎಣ್ಣೆಯನ್ನು ನಿಧಾನವಾಗಿ ಎಣ್ಣೆಯ ಟ್ಯಾಂಕಾದ ರಿಸರ್ವಾಯರ್‌ವರೆಗೆ ತಳ್ಳಿ. ಪಾರ್ಕಿಂಗ್ ಬ್ರೇಕ್ ಬಿಟ್ಟಿರಬೇಕು, ಪೆಡಲ್ ಪೂರ್ತಿ ಹಿಂದಕ್ಕೆ ಬಂದಿರಬೇಕು. ಇಲ್ಲದಿದ್ದರೆ ಸಿಲಿಂಡರಿನೊಳಗಿನ ದಾರಿ ಮುಚ್ಚಿಕೊಂಡು ಎಣ್ಣೆ ಮೇಲೇರುವುದೇ ಇಲ್ಲ. ಬ್ರೇಕ್ ಬಿಸಿಯಾಗಿ ತಾನೇ ಹಿಡಿದುಕೊಳ್ಳುವುದಕ್ಕೂ ಅನೇಕ ಸಲ ಇದೇ ಮೂಲ: ಪಿಸ್ಟನ್ ಕೊನೆಯವರೆಗೆ ಮರಳದಿದ್ದರೆ ಹಿಗ್ಗಿದ ಎಣ್ಣೆಗೆ ಹೋಗಲು ಜಾಗವಿರುವುದಿಲ್ಲ. ರಿಟರ್ನ್ ಸ್ಪ್ರಿಂಗ್, ಪೆಡಲ್ ಲಿಂಕೇಜ್ ನೋಡಿ.

ಎಣ್ಣೆಯ ವಿಷಯದಲ್ಲಿ ರಾಜಿ ಬೇಡ. ಸಣ್ಣ ವಿಮಾನಗಳ ಬ್ಯೂನಾ-ಎನ್ (ಒಂದು ಬಗೆಯ ಕೃತಕ ರಬ್ಬರ್) ಸೀಲುಗಳಿಗೆ ಒಗ್ಗುವುದು ಕೆಂಪು ಬಣ್ಣದ 5606 ಎಂಬ ಖನಿಜ ಎಣ್ಣೆ. ಕಾರಿನ ಡಾಟ್-3, ಡಾಟ್-4 ದ್ರವ ಆ ಸೀಲುಗಳನ್ನು ಹಾಳುಮಾಡುತ್ತದೆ. ಒಮ್ಮೆ ಬೆರೆತರೆ ಇಡೀ ವ್ಯವಸ್ಥೆ ತೊಳೆದು ಎಲ್ಲ ರಬ್ಬರನ್ನೂ ಬದಲಿಸಬೇಕು.

ಮಡಚುವ ಗೇರನ್ನು (ವಿಮಾನ ಇಳಿಯುವ ಚಕ್ರಗಳ ಕಾಲು) ಎಣ್ಣೆಯ ಒತ್ತಡವೇ ಮೇಲೆ ಹಿಡಿದಿಟ್ಟಿರುವ ವ್ಯವಸ್ಥೆಯಲ್ಲಿ ಪಂಪ್ ಕೆಲವು ನಿಮಿಷಕ್ಕೊಮ್ಮೆ ಓಡುತ್ತಿದ್ದರೆ, ಹೊರಗೆ ಹನಿ ಬೀಳದಿದ್ದರೂ ಒಳಗೆಲ್ಲೋ ಸೋರುತ್ತಿದೆ. ವಿಮಾನವನ್ನು ಜ್ಯಾಕ್ ಮೇಲೆ ಏರಿಸಿ, ಗೇರ್ ಮಡಚಿ, ಪಂಪ್ ಮೋಟಾರಿನ ಬ್ರೇಕರ್ (ವಿದ್ಯುತ್ ಕಡಿಯುವ ಸ್ವಿಚ್) ಎಳೆದುಬಿಡಿ. ಪ್ರತಿ ಗೇರಿನ ಕೆಳಗೂ ಭದ್ರವಾದ ಆಸರೆ ಕೊಡಿ, ಒತ್ತಡ ಬಿದ್ದರೆ ಗೇರೂ ಬೀಳುತ್ತದೆ. ಆಮೇಲೆ ಒಂದೊಂದೇ ಸಿಲಿಂಡರಿನಲ್ಲಿ ಗೇರ್ ಇಳಿಸುವ ಕಡೆಯ ಲೈನ್ ಬಿಚ್ಚಿ ನೋಡಿ. ಒತ್ತಡವಿರುವ ಇನ್ನೊಂದು ಲೈನಿಗೆ ಕೈಹಾಕಬೇಡಿ. ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಬರುತ್ತಲೇ ಇದ್ದರೆ ಅದರ ಪಿಸ್ಟನ್ ಸೀಲ್ ಹೋಗಿದೆ. ಬಿಚ್ಚಿದ ಲೈನಿನಿಂದ ಬಂದರೆ ಮೊದಲ ಅನುಮಾನ ತುರ್ತು ಇಳಿಕೆಯ ವಾಲ್ವ್ ಮೇಲೆ, ಏಕೆಂದರೆ ಗೇರ್ ಮಡಚುವ, ಇಳಿಸುವ ಎರಡೂ ಕಡೆಗಳನ್ನು ಕೂಡಿಸುವುದು ಅದೇ. ಎರಡೂ ಒಣಗಿದ್ದರೆ ಪವರ್ ಪ್ಯಾಕಿನ (ಪಂಪ್, ಮೋಟಾರ್ ಒಂದಾಗಿರುವ ಘಟಕ) ಚೆಕ್ ವಾಲ್ವ್ (ಎಣ್ಣೆಯನ್ನು ಒಂದೇ ಕಡೆಗೆ ಬಿಡುವುದು), ಥರ್ಮಲ್ ರಿಲೀಫ್ (ಬಿಸಿಗೆ ಹೆಚ್ಚಿದ ಒತ್ತಡ ಬಿಡುವ ವಾಲ್ವ್) ಪರೀಕ್ಷಿಸಿ.

ಇನ್ನು ಸರಳಗೊಳಿಸುವ ಕೆಲಸ. ಪ್ರತಿಯೊಂದು ಜೋಡಣೆಯೂ ಸೋರಲು ಒಂದು ಜಾಗ. ರಿಸರ್ವಾಯರ್ ಜೊತೆಗೇ ಬರುವ ಮಾಸ್ಟರ್ ಸಿಲಿಂಡರ್ ಹಾಕಿದರೆ ಪ್ರತ್ಯೇಕ ಟ್ಯಾಂಕು, ಅದರ ಲೈನು ಎರಡೂ ತಪ್ಪುತ್ತವೆ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಭಾಗ) ಹೈಡ್ರಾಲಿಕ್ ಆಗಿದ್ದರೆ, ವಿನ್ಯಾಸಕಾರರು ಒಪ್ಪಿದಲ್ಲಿ, ವಿದ್ಯುತ್ ಆಕ್ಚುಯೇಟರಿಗೆ (ಮೋಟಾರಿನಿಂದ ತಳ್ಳುವ ಸಾಧನ) ಬದಲಿಸಿ. ಕ್ಯಾಲಿಪರಿನ ಬಳಿ ಪ್ಲಾಸ್ಟಿಕ್ ಟ್ಯೂಬ್ ಬಿಸಿಗೆ ಮೆತ್ತಗಾಗುತ್ತದೆ, ಅಲ್ಲಿ ಸ್ಟೀಲ್ ಹೆಣಿಗೆಯ ಟೆಫ್ಲಾನ್ ಹೋಸ್ ಇರಲಿ. ಲೈನ್ ನಡುವೆ ಎತ್ತರದ ಗೂನು ಇದ್ದರೆ ಗಾಳಿ ಅಲ್ಲೇ ಕೂರುತ್ತದೆ, ರಿಸರ್ವಾಯರ್‌ವರೆಗೆ ಒಂದೇ ಸಮನೆ ಏರುವಂತೆ ಬಾಗಿಸಿ.

ವಿಮಾನದ ಟ್ಯೂಬಿನ ಫ್ಲೇರ್ (ಜೋಡಣೆಗಾಗಿ ಅಗಲಿಸಿದ ತುದಿ) ಕೋನ 37 ಡಿಗ್ರಿ, ಕಾರಿನದು 45. ಎರಡನ್ನೂ ಬೆರೆಸಿದರೆ ಅಂಚಿನಲ್ಲಷ್ಟೇ ಕೂತು ಸೋರುತ್ತದೆ. ಕಾಲು ಇಂಚಿನ ಅಲ್ಯೂಮಿನಿಯಂ ಟ್ಯೂಬಿನ ನಟ್‌ಗೆ 40ರಿಂದ 65 ಇಂಚು-ಪೌಂಡ್ ಟಾರ್ಕ್ ಸಾಕು. ಸೋರುತ್ತದೆಂದು ಇನ್ನೂ ಬಿಗಿದರೆ ಫ್ಲೇರ್ ತೆಳುವಾಗಿ ಬಿರಿಯುತ್ತದೆ. ಪೈಪ್ ತ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆಗೆ ಒಗ್ಗುವ ಪೇಸ್ಟ್ ಹಚ್ಚಿ, ತುದಿಯ ಒಂದೆರಡು ತ್ರೆಡ್ ಖಾಲಿ ಬಿಡಿ.

ಗೇರ್ ವ್ಯವಸ್ಥೆಯಲ್ಲಿ ಏನೇ ಬದಲಿಸಿದರೂ ಜ್ಯಾಕ್ ಮೇಲೆ ಹಲವು ಸಲ ಮಡಚಿ ಇಳಿಸಿ ನೋಡಿ. ಪಂಪ್ ಆಫ್ ಮಾಡಿ, ತುರ್ತು ವಾಲ್ವ್ ತೆರೆದಾಗ ಮೂರೂ ಚಕ್ರ ಇಳಿದು ಲಾಕ್ ಆಗುವವರೆಗೆ ಹಾರಾಟ ಬೇಡ.